ಶೈಲಾನ ಪರಿಚಯ ಆನೇ ಹೇಳ್ತೆ

...ಎಂತಕ್ಕೆ ನಗ್ತೆ? ನಗು, ನಗು. ಸಿರಸಿಯವು ನಿಂಗೆ ಸನ್ಮಾನ ಇಟ್ಟು, ಪರಿಚಯ ಭಾಷಣ ಮಾಡಲೆ ಎನ್ನನ್ನೇ ಹುಡುಕಿದ್ದ ನೋಡು! "ಸುಬ್ಬಲಕ್ಷ್ಮಿ ಅಕ್ಕಾ, ಶೈಲಾನ ಜೊತೆಗೆ ಸಂಗೀತ ಕಲ್ತವ್ರು ನೀವು, ನಾಲ್ಕು ಮಾತು ಹೇಳಿ." ಹೇಳ್ತೆ. ನಾಲ್ಕಲ್ಲ, ನಲವತ್ತು ಹೇಳ್ತೆ! ಪ್ರಾರ್ಥನೆ ಒಂದು ಮುಗೀಲಿ, ಆಮೇಲೆ ಮೈಕು ಎನ್ನ ಕೈಯಲ್ಲೇ.

ಹೆದ್ರಡ ಮಾರಾಯ್ತಿ, ಸುಳ್ಳು ಒಂದೂ ಹೇಳ್ತಿಲ್ಲೆ. ಉಮ್ಮಚಗಿ ಶೈಲಾ ಸಿನೆಮಾದಲ್ಲಿ ಮೆರೆದಿದ್ದು, ಸೀರಿಯಲ್ಲಲ್ಲಿ ಐದು ವರ್ಷ ಸೊಸೆಯಾಗಿ ಅತ್ತಿದ್ದು ಎಲ್ಲರಿಗೂ ಗೊತ್ತಿದ್ದು. ಅದಕ್ಕೂ ಮೊದಲು ಹಾಡ್ತಿತ್ತು ಹೇಳಿ ಎಷ್ಟು ಜನಕ್ಕೆ ಗೊತ್ತು? ಟೀವಿಯವು ಹಾಡುವವರನ್ನ ಆರಿಸಲೆ ಯಲ್ಲಾಪುರಕ್ಕೆ ಬಂದಾಗ, ಈ ಶೈಲಾನ ಸ್ವರ ತುಂಬಿದ ಸಭೆಯಲ್ಲಿ ಒಡದು ಹೋತು ಹೇಳಿ? "ಮುಖ ಚಲೋ ಇದೆ, ಆ್ಯಕ್ಟಿಂಗ್ ಮಾಡ್ತೀಯಾ?" ಕೇಳಿ ಕರ್ಕಂಡು ಹೋದ. ಹಾಡಲೆ ಬರದ್ದಕ್ಕೆ ನಟಿ! ಇವತ್ತು ಅದನ್ನೇ ಹೇಳ್ತೆ.

ಎಂತ? ಗಂಟಲು ನೋವಿತ್ತ? ಹೂಂ, ಯಾವಾಗ್ಲೂ ಅದೇ ರಾಗ ನಿಂದು. ಒಂದು ಸಂದರ್ಶನದಲ್ಲಾದ್ರೂ ಎನ್ನ ಹೆಸರು ಹೇಳಿದ್ಯ? ಆ ದಿನ ನಿನ್ನ ಪಕ್ಕ ಹಾರ್ಮೋನಿಯಂ ಹಿಡ್ಕಂಡು ಕೂತಿದ್ದು ಯಾರು? ನಿನ್ನ ನಂತರ ಎನ್ನ ಸರದಿ. ಆನು ಒಂದು ತಪ್ಪಿಲ್ಲದ್ದೇ ಹಾಡ್ದಿ, ಆಯ್ಕೆಯೂ ಆತು... ಎಂತ ಬಂತು? ಬೆಂಗಳೂರಲ್ಲಿ ಮೊದಲ ಸುತ್ತಿಗೇ ವಾಪಸ್! ನೀನು ಸೋತು ಗೆದ್ದೆ. ಆನು ಗೆದ್ದು, ಇಲ್ಲಿ ಮಕ್ಕಳಿಗೆ ಸರಿಗಮ ಹೇಳಿಕೊಡ್ತಾ ಕೂತಿ. ಹೊಟ್ಟೆ ಉರೀತು ಶೈಲಾ! ಹೇಳಲೆ ನಾಚಿಕೆ ಇಲ್ಲೆ ಎಂಗೆ.

ಗಂಟಲಡ, ಗಂಟಲು! ಕುಣಿಯಲಾರದವಳಿಗೆ ನೆಲ ಡೊಂಕಡ! ಗಂಟಲಿಗೆ ಎಂತ ಆಗಿತ್ತೇ? ಎಷ್ಟು ಗಟ್ಟಿ ಗಂಟಲಾದ್ರೂ ಒಡೀತು, ಕಪ್ಪು ನಾಲ್ಕರ ಶ್ರುತಿಗೆ ಹಾಡುವವಕ್ಕೆ ಕಪ್ಪು ಐದು ಕೊಟ್ರೆ...

...

ಎಂತ ಹಾಂಗೆ ನೋಡ್ತೆ?

ಅಲ್ಲ... ಬಾಯಿ ತಪ್ಪಿ ಬಂತು. ಹಾರ್ಮೋನಿಯಂನಲ್ಲಿ ಆನು ಒತ್ತಿದ್ದು ಒಂದೇ ಒಂದು ಕಪ್ಪು ಮನೆ ಮೇಲೆ, ಅಷ್ಟೇ ಮಾರಾಯ್ತಿ! ಶುರುವಿಗೆ ಯಾರಿಗೂ ಗೊತ್ತಾಗ್ತಿಲ್ಲೆ, ಮೇಲಿನ ಸ್ವರಕ್ಕೆ ಹೋದಾಗ್ಲೇ... ನಿಂಗೆ ಅವತ್ತೇ ಗೊತ್ತಾಗಿತ್ತು, ಅಲ್ದ? ಗೊತ್ತಾಗೇ ಎನ್ನ ಹೆಸರು ಬಾಯಲ್ಲಿ ತಂದಿದ್ದಿಲ್ಲೆ, ಅಲ್ದ? ಹದಿನಾರು ವರ್ಷ ಹಾಂಗೇ ತಿಳ್ಕಂಡು ನಿನ್ನ ಮೇಲೆ ಹಲ್ಲು ಕಡದಿ ಆನು!

ಗೊತ್ತಿತ್ತಿಲ್ಯ?

ನಿನ್ನ ಗಂಟಲಿಂದೇ ತಪ್ಪು ಹೇಳಿ ನಂಬಿದ್ಯನೆ? ಅದಕ್ಕೇ ಹಾಡದು ಬಿಟ್ಯಾ?

ಶೈಲಾ... ಅಳಡ. ಎಲ್ಲಿಗೆ ಎದ್ದೆ? ವೇದಿಕೆಗೆ ಕರೀತಾ ಇದ್ದ, ಹೌದು... ನಿಲ್ಲೆ! ಬೈಯೆ ಎಂಗೆ! ಒಂದು ಮಾತು ಬೈದಾದ್ರೂ ಹೋಗೆ...