ಹೊರಬಾಗಿಲಲ್ಲಿ ಓರ್ವಿಲ್

ಹಲೋ… ಹಾಂ, ಹಲೋ, ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಗಲಾಟೆ ಜಾಸ್ತಿ…

ಓ, ಇರ್ಮಾ ಅವರಾ. ಗೊತ್ತೇ ಆಗ್ಲಿಲ್ಲ ನೋಡಿ. ನಾನು ಡ್ವೇನ್, ಡ್ವೇನ್ ಕಾಸ್ಪರ್. ಹಾಂ, ಸೋದರ ಬಳಗದ ಹೊಸ ಅಧ್ಯಕ್ಷ, ಅದೇ ಡ್ವೇನ್. ಊಟಕ್ಕೆ ಬರ್ಲಿಲ್ವಾ ನೀವು? ಚರ್ಚಿನ ನೆಲಮಾಳಿಗೆ ತುಂಬಿ ಹೋಗಿದೆ. ಊರಿಗೆ ಊರೇ ಬಂದಿದೆ. ಮೀನು ಕರಿದು ಕರಿದು ನಮ್ಮವರ ಕೈ ಬಿದ್ದು ಹೋಗಿದೆ…

ನಿಮ್ಮ ಯಜಮಾನ್ರಾ, ಓರ್ವಿಲ್ ಅಣ್ಣನಾ? ಇದಾರೆ… ಇಲ್ಲೇ ಎಲ್ಲೋ ಇರ್ತಾರೆ. ಬಾಣಲೆ ಹತ್ರ ನಿಂತು ಯಾರಿಗೋ ಬುದ್ಧಿ ಹೇಳ್ತಿರ್ತಾರೆ. ಅವರಿಗೆ ಬೇರೆ ಯಾರು ಕರಿದ್ರೂ ಸರಿಹೋಗಲ್ವಲ್ಲ…

ಇಲ್ಲ, ಇಲ್ಲಿ ಕಣ್ಣಾರೆ ನೋಡ್ಲಿಲ್ಲ. ಸಭೆಗಂತೂ ಬಂದಿದ್ರು, ಅದು ಖಂಡಿತ. ಕೋಟಿನ ಮೇಲೆ ಬಳಗದ ನೀಲಿ ಪಟ್ಟಿ ಹಾಕ್ಕೊಂಡು, ಗರಿಗರಿಯಾಗಿ… ಹಾಂ, ನೀವೇ ಇಸ್ತ್ರಿ ಮಾಡಿಕೊಟ್ರಾ? ಚೆನ್ನಾಗಿತ್ತು.

ಸಭೆಯಾ? ಅದು ಯಾವಾಗ್ಲೋ ಮುಗೀತು. ಬೇಗ ಮುಗಿಸಿದೆ ಇವತ್ತು. ಹೋದ ತಿಂಗಳು ನನ್ನನ್ನ ಮ್ಯಾಡಿಸನ್‌ಗೆ ನಾಯಕತ್ವದ ತರಬೇತಿಗೆ ಕಳಿಸಿದ್ರಲ್ಲ, ಅಲ್ಲಿ ಕಲಿತದ್ದನ್ನ ಎಲ್ಲರಿಗೂ ಹೇಳಿದೆ. ನಾಯಕ ಆದವನು ಪ್ರತಿ ಸೋದರನ ಮನೆ ಸಮಾಚಾರ ತಿಳ್ಕೊಂಡಿರಬೇಕು, ಇನ್ನೊಬ್ಬರ ಹೊತ್ತು ಹಾಳು ಮಾಡಬಾರದು, ಎಲ್ಲರ ಊಟ ಆದಮೇಲೆ ತಾನು ತಟ್ಟೆ ಹಿಡೀಬೇಕು, ಹೀಗೆ. ಭಾಷಣ ಚೆನ್ನಾಗಿತ್ತು ಅಂದ್ರು. ಆಮೇಲೆ ಆ ಮುಕ್ತಾಯದ ಮಾತುಗಳಿವೆಯಲ್ಲ, ಅಜ್ಜನ ಕಾಲದ್ದು, ಹೇಳ್ತಾ ಹೋದ್ರೆ ನಿದ್ದೆ ಬರುತ್ತೆ, ಅದನ್ನೆಲ್ಲ ಹಾರಿಸಿ ಮೇಜಿಗೆ ಅಧ್ಯಕ್ಷನ ಸುತ್ತಿಗೆ ಹೊಡೆದು, ಏಳಿ, ಮೀನು ಆರಿಹೋಗುತ್ತೆ ಅಂದೆ. ಚಪ್ಪಾಳೆ ಹೊಡೆದ್ರು ಇರ್ಮಾ ಅವರೇ. ಹಾರ್ಡ್‌ವೇರ್ ಅಂಗಡಿ ಮೇಲಿನ ನಮ್ಮ ಸಭಾಂಗಣದಿಂದ ಹಿಂದುಗಡೆ ಮೆಟ್ಟಿಲಿಳಿದು, ರಸ್ತೆ ದಾಟಿ, ಸೀದಾ ಇಲ್ಲಿಗೆ ಬಂದ್ವಿ…

ಹಾಂ, ಹಿಂದಿನ ಮೆಟ್ಟಿಲಿಂದ. ಎಲ್ಲರೂ. ಯಾಕೆ?

ಓರ್ವಿಲ್ ಅಣ್ಣ ಎಲ್ಲಿ ಕೂತಿದ್ರು ಅಂದ್ರೆ… ಯಾವಾಗ್ಲೂ ಕೂರೋ ಕಡೆನೇ. ಮುಂದಿನ ಬಾಗಿಲ ಆಚೆ, ಕುರ್ಚಿ ಹಾಕ್ಕೊಂಡು. ಹೊರಗಾವಲು ಅವರದೇ ಅಲ್ವಾ ಇಷ್ಟು ವರ್ಷದಿಂದ? ಸಭೆ ನಡೀತಿರುವಾಗ ಹೊರಗಿನವರು ಯಾರೂ ಒಳಗೆ…

…

ಇದೀನಿ. ಲೈನಲ್ಲೇ ಇದೀನಿ. ಸ್ವಲ್ಪ ತಡೀರಿ…

ಇರ್ಮಾ ಅವರೇ, ಆಗ ಇಲ್ಲೇ ಎಲ್ಲೋ ಇದಾರೆ ಅಂದೆನಲ್ಲ, ಅದು ಬಾಯಿಗೆ ಬಂದ ಹಾಗೆ ಹೇಳಿದ್ದು. ಅವರು ಇಲ್ಲಿಲ್ಲ. ನಾನು ಹಾರಿಸಿದೆ ಅಂದೆನಲ್ಲ, ಆ ಮಾತುಗಳಲ್ಲೇ ಅದಿರೋದು. ಅಧ್ಯಕ್ಷ ಒಳಗಿಂದ ಬಾಗಿಲು ತೆಗೆದು, ಕಾವಲು ಮುಗೀತು, ಒಳಗೆ ಬಾ ಸೋದರ ಅಂತ ಕರೀಬೇಕು. ಅಲ್ಲೀವರೆಗೆ ಹೊರಗಾವಲಿನವರು ಕುರ್ಚಿ ಬಿಟ್ಟು ಏಳೋ ಹಾಗಿಲ್ಲ. ನಾನು ಕರೀಲಿಲ್ಲ…

ಹಾಂ. ಇನ್ನೂ ಅಲ್ಲೇ ಕೂತಿರ್ತಾರೆ.

ನಾವು ಎದ್ದು ಹೋದ ಸದ್ದು ಕೇಳ್ಸಿರಲ್ವಾ ಅಂತ… ಓ. ಕಿವಿ ಮೆಷಿನ್ ನಿಮ್ಮ ಮೇಜಿನ ಮೇಲೇ ಇದೆಯಾ. ಸರಿ. ಹಾಗಾದ್ರೆ ಕೇಳ್ಸಿರಲ್ಲ.

ಬೇಡ, ಇನ್ಯಾರನ್ನ ಕಳಿಸಿದ್ರೂ ಅವರು ಏಳಲ್ಲ, ಅವರ ಸ್ವಭಾವ ನಿಮಗೆ ಗೊತ್ತಿಲ್ವಾ? ನಾನೇ ಹೋಗ್ಬೇಕು. ಹೊರಟೆ, ಹೊರಟೇಬಿಟ್ಟೆ, ಫೋನ್ ಇಡಬೇಡಿ…

ನನ್ನ ಊಟನಾ? ಹಾಂ… ಅರ್ಧ ಆಗಿತ್ತು. ನಿಮ್ಮ ಹತ್ರ ಯಾಕೆ ಸುಳ್ಳು ಹೇಳ್ಲಿ, ಸಾಲಿನಲ್ಲಿ ಮೊದಲು ನಿಂತೋನೇ ನಾನು.

ಏನಂದ್ರಿ? ನ್ಯುಮೋನಿಯಾನಾ? ಯಾವಾಗ… ನವೆಂಬರ್‌ನಲ್ಲಾ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗಾ. ಆಸ್ಪತ್ರೇಲಿದ್ರು ಅಂತ ಗೊತ್ತಿತ್ತು. ಬಳಗದಿಂದ ಕಾರ್ಡ್ ಬಂತಲ್ವಾ ನಿಮಗೆ?… ಇಲ್ಲ, ನಾನು ಬರ್ಲಿಲ್ಲ. ಸೊಂಟ ನೋವು ಅಂತ ಯಾರೋ ಅಂದ್ರು, ಇರಬಹುದು ಅಂತ ಸುಮ್ಮನಾದೆ. ನಿಮ್ಮನೆ ನನ್ನ ದಾರೀಲೇ ಇದೆ, ದಿನಾ ಅದರ ಮುಂದೇನೇ ಹೋಗ್ತೀನಿ. ಬರಬೇಕಿತ್ತು.

ಥಂಡೀಲಿ ಕೂರಲೇಬಾರದು ಅಂದಿದ್ರಾ ಡಾಕ್ಟ್ರು… ಆ ಮೆಟ್ಟಿಲ ಹತ್ರ ಹೀಟರ್ ಇಲ್ಲ ಇರ್ಮಾ ಅವರೇ. ಕೆಳಗಿನ ಬಾಗಿಲೂ ಸರಿಯಾಗಿ ಮುಚ್ಚಲ್ಲ. ಮತ್ತೆ ನೀವಾದ್ರೂ ಯಾಕೆ ಕಳಿಸಿದ್ರಿ ಅವರನ್ನ? ತಪ್ಪು ತಿಳೀಬೇಡಿ, ಕೇಳಿದೆ ಅಷ್ಟೇ…

ಹಾಗಂದ್ರಾ? ಡ್ವೇನ್‌ದು ಮೊದಲ ಸಭೆ, ನಾನು ಹೋಗದಿದ್ರೆ ಹ್ಯಾಗೆ ಅಂದ್ರಾ…

…

ಇಲ್ಲ, ಅಳ್ತಿಲ್ಲ. ಗಾಳಿ. ರಸ್ತೆ ದಾಟ್ತಿದೀನಿ, ಕೆರೆ ಕಡೆಯಿಂದ ಬೀಸ್ತಿದೆ. ಅವರ ಟ್ರಕ್ಕು ಹಾರ್ಡ್‌ವೇರ್ ಅಂಗಡಿ ಮುಂದೇನೇ ಇದೆ. ಮೇಲೆಲ್ಲ ಹಿಮ ಕೂತಿದೆ. ಊಟ ಮಾಡ್ತಾ ಒಮ್ಮೆ ತಲೆಯೆತ್ತಿ ನೆಲಮಾಳಿಗೆ ಕಿಟಕಿಯಾಚೆ ನೋಡಿದ್ರೂ ಕಾಣ್ತಿತ್ತು…

ಮುಂದಿನ ಮೆಟ್ಟಿಲು ಹತ್ತಿದೀನಿ. ದೀಪ ಯಾರೋ ಆರಿಸಿಬಿಟ್ಟಿದಾರೆ… ಯಾರೋ ಏನು, ಹೊರಡುವಾಗ ಒಳಗಿನ ಸ್ವಿಚ್ಚಿಂದ ನಾನೇ ಆರಿಸಿದ್ದು. ಖರ್ಚು ಉಳೀಲಿ ಅಂತ. ಪಾಪ, ಕತ್ತಲಲ್ಲಿ… ತಡೀರಿ, ಇಲ್ಲೂ ಒಂದು ಸ್ವಿಚ್ ಇದೆ, ಹಾಕ್ತೀನಿ…

ಕಾಣ್ತಿದಾರೆ. ಕೂತಿದಾರೆ. ಕಾವಲಿನ ಕೋಲು ತೊಡೆ ಮೇಲಿದೆ, ತಲೆ ಎದೆ ಮೇಲೆ… ಓರ್ವಿಲ್ ಅಣ್ಣ… ಓರ್ವಿಲ್ ಅಣ್ಣ…

…

ಭುಜ ಹಿಡಿದು ಅಲುಗಿಸಿದೆ, ಕಣ್ಣು ಬಿಟ್ರು. ಇರ್ಮಾ ಅವರೇ, ಕಣ್ಣು ಬಿಟ್ಟು ನೋಡಿದ್ರು. ಅಳಬೇಡಿ, ಕೇಳಿ, ಇದಾರೆ, ಎದ್ದು ನಿಂತ್ರು ಕೂಡ. ಕೈ ಮಂಜುಗಡ್ಡೆ ಆಗಿದೆ, ತುಟಿ ನಡುಗ್ತಿದೆ, ಅಷ್ಟೇ. ನನ್ನ ಕೋಟು ಹೊದಿಸ್ತೀನಿ. ಬೇಡ ಅಂತಾರೆ. ಹೊದಿಸಿದೆ…

ಏನಂತಾರಾ? ಒಳಗೆ ಏನೋ ಗಂಭೀರ ವಿಷಯ ನಡೀತಿದೆ ಅಂದ್ಕೊಂಡ್ರಂತೆ. ಹೊಸ ಹುಡುಗ ಅಚ್ಚುಕಟ್ಟು, ಒಂದನ್ನೂ ಬಿಡದೆ ಮಾಡ್ತಿದಾನೆ, ಹೊತ್ತಾಗದೆ ಇರುತ್ತಾ ಅಂದ್ಕೊಂಡ್ರಂತೆ. ಖುಷಿ ಆಯ್ತಂತೆ ಅವರಿಗೆ.

ನಾನಾ? ತಪ್ಪಾಯ್ತು ಅಂದೆ, ಎರಡು ಸಲ ಅಂದೆ. ಅವರಿಗೆ ಕೇಳ್ಸ್ತಿಲ್ಲ. ತಲೆ ಆಡಿಸಿ ನಗ್ತಾರೆ…

ಕರ್ಕೊಂಡು ಬರ್ತೀನಿ, ಈಗ್ಲೇ. ಮೊದಲು ನಾನು ಒಳಗೆ ಹೋಗಿ, ಬಾಗಿಲು ತೆಗೆದು ಕರೀಬೇಕು, ಇಲ್ದಿದ್ರೆ ಇವರು ಕದಲಲ್ಲ… ಒಂದ್ನಿಮಿಷ. ಅಣ್ಣ, ನಾನು. ನಾನಣ್ಣ, ಡ್ವೇನ್…

ಕೋಲು ಅಡ್ಡ ಹಿಡಿದುಬಿಟ್ರು ಇರ್ಮಾ ಅವರೇ. ಬಿಡ್ತಾ ಇಲ್ಲ. ಒಳಗಿರಬೇಕಾದ ಅಧ್ಯಕ್ಷ ಬೀದಿಯಿಂದ ಹತ್ತಿ ಬಂದಿದೀಯಲ್ಲ ಅಂತಾರೆ. ಹೊರಗಿಂದ ಬಂದವರು ಯಾರೇ ಆಗ್ಲಿ, ಗುಟ್ಟಿನ ಪದ ಹೇಳಿಯೇ ಒಳಗೆ ಹೋಗಬೇಕಂತೆ. ನಿಯಮ ಸರಿಯಾಗೇ ಇದೆ, ಅವರದೇನೂ ತಪ್ಪಿಲ್ಲ…

ಗೊತ್ತಿಲ್ದೆ ಏನು? ಪ್ರತಿ ವರ್ಷ ಹೊಸ ಅಧ್ಯಕ್ಷ ಹೊಸ ಪದ ಇಡ್ತಾನೆ. ಈ ವರ್ಷದ್ದು ನಾನೇ ಇಟ್ಟಿದ್ದು. ಇವತ್ತು ಸಭೆಗೆ ಮುಂಚೆ ಒಬ್ಬೊಬ್ಬರ ಕಿವೀಲೂ ಹೇಳಿದೆ, ಇವರ ಕಿವೀಲಿ ಎಲ್ಲರಿಗಿಂತ ಮೊದಲು. ತುಂಬ ಯೋಚನೆ ಮಾಡಿ, ನನ್ನ ಆ ಭಾಷಣದ ಸಾರವೇ ಇದು ಅಂತ ಆರಿಸಿದ ಪದ. ಏನು ಅಂತ ನಿಮಗೆ ಹೇಳೋ ಹಾಗಿಲ್ಲ. ಆದ್ರೆ ಈಗ ಇವರ ಮುಂದೆ ನಿಂತು ಆ ಪದ ಹೇಳೋಕೆ ನನಗೆ ಬಾಯೇ ಬರ್ತಿಲ್ಲ…

ಹಾಂ ಅಣ್ಣ?… ಇರ್ಮಾ ಅವರೇ, ಫೋನ್ ಕಡೆ ಬೆರಳು ತೋರಿಸ್ತಿದಾರೆ. ಬೇರೆಯವರು ಕೇಳಿಸ್ಕೋತಿರುವಾಗ ಪದ ಹೇಳಬಾರದಂತೆ. ನಿಮ್ಮ ಇರ್ಮಾನೇ ಅಣ್ಣ ಅಂತ ಕಿವಿ ಹತ್ರ ಹೋಗಿ ಕೂಗಿದೆ. ಹೆಂಡತಿಗೂ ಅದೇ ನಿಯಮ ಅಂತಾರೆ. ಸೂಪು ಬಿಸಿ ಇಟ್ಟಿರೋಕೆ ಹೇಳು ಅಂದ್ರು…

ಹಾಂ, ಮನೆವರೆಗೂ ಇವರನ್ನ ನಾನೇ ಕರ್ಕೊಂಡು ಬರ್ತೀನಿ. ಫೋನ್ ಇಡ್ತೀನಿ…

ಇಗೋ, ಇಡ್ತಿದೀನಿ ಅಣ್ಣ. ಕಿವಿ ಇತ್ತ ಕೊಡಿ. ಈ ವರ್ಷದ ಪದ…