ಕದಲದ ಹಲ್ಲು

ಕೆನ್ನೆ ಊದಿಸಿಕೊಂಡು ಹಲ್ಲಿನ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿ ಹೆಂಗಸಿಗೆ, ಎದುರು ಬೆಂಚಿನ ತಾಯಿ ಮಗಳ ಜಗಳ ಕಿವಿಗೆ ಬಿದ್ದದ್ದೇ ತಡ, ತನ್ನ ನೋವು ಮರೆತುಹೋಯಿತು. ಮಗಳ ಹಲ್ಲಿಗೆ ತಂತಿ ಬಿಗಿದಿತ್ತು.

"ಹಿಂದೆ ಹಲ್ಲಿಗೆ ಪೆಟ್ಟು ಬಿದ್ದಿತ್ತಾ ಅಂತ ತಂತಿ ಹಾಕೋ ಮುಂಚೆ ಫಾರಂನಲ್ಲಿ ಕೇಳಿದ್ರು. ಇಲ್ಲ ಅಂತ ಯಾಕಮ್ಮ ಬರೆದೆ?"

"ಮೆಲ್ಲಗೆ ಮಾತಾಡೇ. ಬರೆಯೋವಾಗ ನಿಮ್ಮಪ್ಪ ಪಕ್ಕದಲ್ಲೇ ನಿಂತಿದ್ರು."

"ನಿನ್ನ ತಮ್ಮ ಹಾಲ್‌ನಲ್ಲಿ ಬ್ಯಾಟ್ ಬೀಸಿ ನನ್ನ ಹಲ್ಲು ಉದುರಿಸಿದ್ದು ಅಪ್ಪನಿಗೆ ಇನ್ನೂ ಗೊತ್ತಿಲ್ವಾ?"

"ಅವರು ಆವತ್ತು ಊರಲ್ಲಿರಲಿಲ್ವಲ್ಲ. ಆಗಿನ ಡಾಕ್ಟ್ರು ಕೂಡಲೇ ಹಲ್ಲನ್ನ ವಾಪಸ್ ಕೂರಿಸಿದ್ರು. ಏಳು ವರ್ಷ ಗಟ್ಟಿಯಾಗಿ ನಿಂತಿತ್ತು ತಾನೇ?"

"ಗಟ್ಟಿನಾ? ಮೂಳೆಗೇ ಅಂಟಿಕೊಂಡಿದೆಯಂತೆ! ಪೆಟ್ಟು ಬಿದ್ದ ಹಲ್ಲಿಗೆ ಹಾಗಾಗುತ್ತಂತೆ. ಎಂಟು ತಿಂಗಳು ತಂತಿ ಹಾಕಿ ಎಳೆದ್ರು, ಜಪ್ಪಯ್ಯ ಅಂದ್ರೂ ಕದಲಲಿಲ್ಲ. ಅದನ್ನ ಎಳೆಯೋಕೆ ಹೋಗಿ ಪಕ್ಕದ ಒಳ್ಳೆ ಹಲ್ಲುಗಳೇ ಸೊಟ್ಟಗಾದ್ವು."

"ಏನೋ, ಆಗಿದ್ದು ಆಗಿಹೋಯ್ತು. ಪಾಪ, ಅವನೇನು ಬೇಕು ಅಂತ ಹೊಡೆದನಾ?"

"ಓಹೋ, ಪಾಪ ಅವನಾ! ನಿನ್ನ ತಮ್ಮನೂ ಈ ಹಲ್ಲಿನ ಥರಾನೇ ಕಣಮ್ಮ. ತಾನು ಒಂದಿಂಚು ಕದಲಲ್ಲ, ಸುತ್ತ ಇರೋರೆಲ್ಲ ಬಾಗಬೇಕು."

ನರ್ಸ್ ಬಾಗಿಲು ತೆರೆದು ಕರೆದಳು. ಮಗಳು ಎದ್ದಳು.

"ಒಳಗೆ ಬಂದು ಡಾಕ್ಟ್ರಿಗೆ ನಿಜ ಹೇಳ್ತೀಯೋ ಇಲ್ವೋ?"

ತಾಯಿ ಕೈಚೀಲದಿಂದ ಫೋನ್ ತೆಗೆದಳು.

"ಹೇಳ್ತೀನಿ ಕಣೇ. ಅದಕ್ಕೆ ಮುಂಚೆ ನಿಮ್ಮ ಮಾವನ್ನ ಒಂದು ಮಾತು ಕೇಳಿಬಿಡ್ತೀನಿ."

"ಹಲ್ಲು ನಂದಮ್ಮ!"

ಮಗಳು ಒಬ್ಬಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ನಿಂತ ತಾಯಿಯ ಕಿವಿಯಲ್ಲಿ ಫೋನ್ ರಿಂಗಾಗುತ್ತಲೇ ಇತ್ತು. ತಮ್ಮ ಎತ್ತಲಿಲ್ಲ.