ಬೀದಿ ಕೊನೆಯ ತವರು

ಹೊಲಿಗೆ ಅಂಗಡಿಯ ಮೂಲೆಯಲ್ಲಿ ಹುಡುಗಿ ತಲೆ ತಗ್ಗಿಸಿ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಆ ಅಂಗಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದ ಅಣ್ಣ ತಂಗಿಯರ ಮಾತು ಕಿವಿಗೆ ಬಿದ್ದು ಅವಳ ಸೂಜಿ ತಾನಾಗಿಯೇ ನಿಧಾನವಾಯಿತು.

"ಬೀದಿ ಕೊನೇಲಿರೋ ಗೋಡೆ ಒಡೆದ್ರೆ ಸೀದಾ ದೊಡ್ಡ ರಸ್ತೆ ಕಣೇ. ನಮ್ಮನೆ ಬೆಲೆ ಎರಡರಷ್ಟಾಗುತ್ತೆ. ಬೀದಿಯವರೆಲ್ಲ ಒಪ್ಪಾಯ್ತು, ನಾಳೆ ನಾನೊಬ್ಬ ಹೂಂ ಅಂದ್ರೆ ಮುಗೀತು."

"ಅಮ್ಮ ಸಂಜೆಯಾದ್ರೆ ಹೊರಡ್ತಾಳಲ್ಲ, ತವರಿಗೆ ಹೋಗ್ತೀನಿ ಅಂತ?"

"ಅವಳಿಗೆ ನನ್ ಹೆಸರೇ ನೆನಪಿಲ್ಲ, ಇನ್ನು ತವರಂತೆ!"

"ಗೋಡೆವರೆಗೂ ಹೋಗ್ತಾಳೆ. ಬಿಸಿಲಿಗೆ ಕಾದ ಕಲ್ಲಿಗೆ ಕೆನ್ನೆ ಇಡ್ತಾಳೆ. 'ಎಲ್ಲಾ ಚೆನ್ನಾಗಿದಾರೆ' ಅಂತ ನಗ್ತಾ ವಾಪಸ್ ಬರ್ತಾಳೆ. ಗೋಡೆ ಇಲ್ದಿದ್ರೆ ಹೋಗ್ತಾನೇ ಇರ್ತಾಳೆ."

"ಚಿಲಕ ಹಾಕಿದ್ರಾಯ್ತು ಕಣೇ."

"ಒಂದ್ಸಲ ಹಾಕಿದ್ದೆ. ಬಾಗಿಲ ಹತ್ರ ಕೂತು, ಕಳಿಸಿಕೊಡಿ ಅಂತ ನಂಗೇ ಕೈಮುಗಿದ್ಲು."

ಹುಡುಗಿ ಎಂದೂ ನೋಡಿರದ ಆ ಬೀದಿ ಹೊಂಬಿಸಿಲಲ್ಲಿ ತೇಲುತ್ತ ಅವಳ ಕಣ್ಣ ಮುಂದೆ ಬಂದು ನಿಂತಿತು. ದಾರ ಕತ್ತರಿಸಿ ಅಂಗಿ ಕೊಟ್ಟಳು.

ಅಣ್ಣ ಅದನ್ನು ಕಂಕುಳಲ್ಲಿಟ್ಟುಕೊಂಡು, ತಿರುಗಿಯೂ ನೋಡದೆ ಮೆಟ್ಟಿಲಿಳಿದ. ತಂಗಿ ಬೆನ್ನ ಹಿಂದೆಯೇ ಹೋದಳು.

"ಅಮ್ಮ ಇರೋವರೆಗಾದ್ರೂ ಗೋಡೆ ಇರ್ಲಿ ಬಿಡೋ, ಅಣ್ಣ."